ಉಸಿರು ಕೇಳಿಸಿಕೊಂಡು ನಡೆಯಿರಿ

ನಮ್ಮ ಮನೆಯಲ್ಲಿ ಒಂದರ ನಂತರ ಒಂದರಂತೆ ಮೂರು ಪಗ್ ನಾಯಿಗಳು ಬಾಳಿವೆ. ಮೊದಲನೆಯದು ಗೊರಕೆ ಹೊಡೆದಾಗಲೆಲ್ಲ ನಾವು ನಕ್ಕಿದ್ದೇ ನಕ್ಕಿದ್ದು. ಆ ಗೊರಕೆ ಏನು ಹೇಳುತ್ತಿತ್ತು ಎಂಬುದು ನನಗೆ ತಿಳಿದದ್ದು ಒಂದು ಸಂಜೆ, ಅದು ನಡುದಾರಿಯಲ್ಲಿ ಹೊಟ್ಟೆ ನೆಲಕ್ಕೊತ್ತಿ ಮಲಗಿಬಿಟ್ಟಾಗ. ಹಟ ಮಾಡುತ್ತಿದೆ ಎಂದುಕೊಂಡು ನಾನು ಪಟ್ಟಿಯನ್ನು ಎರಡು ಬಾರಿ ಎಳೆದೆ. ಬಗ್ಗಿ ನೋಡಿದರೆ ನಾಲಿಗೆ ತುದಿಯಲ್ಲಿ ಅಗಲವಾಗಿ ಹರಡಿಕೊಂಡು ನೇರಳೆಗೆ ತಿರುಗುತ್ತಿತ್ತು. ಜೊಲ್ಲು ಅಂಟಂಟಾಗಿ ದಾರದಂತೆ ಇಳಿಯುತ್ತಿತ್ತು.

ಬಿಸಿಲಿರಲಿಲ್ಲ, ಮೋಡ ಕವಿದಿತ್ತು. ನಾನು ಮೋಸಹೋದದ್ದೇ ಅಲ್ಲಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಒಂದಿಷ್ಟು ಪಸೆಯೊಡೆಯುತ್ತದೆ ಅಷ್ಟೆ. ಬಾಯಿ, ನಾಲಿಗೆ, ಮೂಗಿನೊಳಗಿನ ತೇವ ಆರಿದಂತೆ ಮೈ ತಣಿಯಬೇಕು, ಅದಕ್ಕೇ ತೇಕುವುದು. ಗಾಳಿಯೇ ತೇವದಿಂದ ತುಂಬಿದ್ದರೆ ಆರುವುದೆಲ್ಲಿಂದ ಬಂತು? ಇನ್ನು ಪಗ್, ಬುಲ್‌ಡಾಗ್, ಪೆಕಿನೀಸ್, ಶಿಟ್ಜುಗಳಂಥ ಚಪ್ಪಟೆ ಮೂತಿಯ ತಳಿಗಳಿಗೆ ಮೂಗಿನ ಹೊಳ್ಳೆ ಸೀಳುಗೆರೆಯಷ್ಟು ಕಿರಿದು, ಮೆದು ಅಂಗುಳ ಗಂಟಲಿಗೆ ಅಡ್ಡಬರುವಷ್ಟು ಉದ್ದ. ಗಾಳಿ ಎಳೆದುಕೊಳ್ಳುವ ಶ್ರಮಕ್ಕೇ ಮೈ ಇನ್ನಷ್ಟು ಕಾಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ದಾರಿ ಮತ್ತೂ ಕಿರಿದಾಗುತ್ತದೆ. ಮೈ ತುಂಬಿಕೊಂಡ ನಾಯಿಯಾದರೆ ಕೇಳುವುದೇ ಬೇಡ.

ಆದ್ದರಿಂದ ನಡಿಗೆಗೆ ಬೆಳಗಿನ ಜಾವವೇ ಸರಿ. ಸಂಜೆ ಗಾಳಿ ತಂಪಾಗಿದ್ದರೂ ದಿನವಿಡೀ ಕಾದ ಡಾಂಬರು ಬೇಗ ಆರುವುದಿಲ್ಲ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳರವರೆಗೆ ಎಣಿಸಿ. ಅಷ್ಟರೊಳಗೆ ಕೈ ಹಿಂದೆಗೆದರೆ ನಾಯಿಯೂ ಮನೆಯಲ್ಲೇ ಇರಲಿ. ಈ ಗಿಡ್ಡಕಾಲಿನವಕ್ಕೆ ಹೊಟ್ಟೆಗೂ ನೆಲಕ್ಕೂ ಒಂದು ಗೇಣು ಅಂತರವಿಲ್ಲ, ಕಾವು ಕೆಳಗಿನಿಂದಲೂ ಬಡಿಯುತ್ತದೆ. ಕೊರಳಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಮೊದಲೇ ಕಷ್ಟದಲ್ಲಿ ಉಸಿರಾಡುವ ಗಂಟಲನ್ನು ನಾವೂ ಬಿಗಿಯುವುದು ಯಾವ ನ್ಯಾಯ? ನೀರಿನ ಬಾಟಲಿ, ಮಡಚುವ ಬಟ್ಟಲು ಜೊತೆಗಿರಲಿ. ಊಟ ಹಾಕಿದ ತಕ್ಷಣ ಹೊರಡಬೇಡಿ.

ನಡೆಯುವಾಗ ಗಡಿಯಾರಕ್ಕಿಂತ ಕಿವಿಯನ್ನು ನಂಬಿ. ಮೊಬೈಲ್ ಜೇಬಿನಲ್ಲಿರಲಿ. ನಾಯಿಯ ಎಂದಿನ ಗುರುಗುರು ನಿಮಗೆ ಗೊತ್ತಿರುತ್ತದೆ. ಅದು ಗರಗಸ ಎಳೆದಂತೆ ಒರಟಾದರೆ, ಇಲ್ಲವೇ ಸಿಳ್ಳೆಯಂತೆ ಚೂಪಾದರೆ ಅಲ್ಲೇ ನೆರಳಿಗೆ ಸರಿಯಿರಿ. ನಾಯಿ ತಾನಾಗಿ ನಿಲ್ಲಲಿ ಎಂದು ಕಾಯಬೇಡಿ. ಒಡೆಯ ನಡೆಯುತ್ತಿದ್ದರೆ ತಾನೂ ನಡೆಯುವ ಪ್ರಾಣಿ ಅದು, ಬೀಳುವವರೆಗೂ.

ಬಿದ್ದರೆ? ನಾಯಿಯ ಮೈಶಾಖ ಸಹಜವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಪ್ರಾಣಕ್ಕೇ ಸಂಚಕಾರ. ಒಸಡು ಕಡುಗೆಂಪಾಗುವುದು, ವಾಂತಿ, ತೂರಾಡುವುದು, ಇವೆಲ್ಲ ಆ ದಾರಿಯ ಗುರುತುಗಳು. ಮೊದಲು ತಣಿಸಿ, ಆಮೇಲೆ ಪಶುವೈದ್ಯರಲ್ಲಿಗೆ ಓಡಿ. ನಲ್ಲಿಯ ನೀರನ್ನು ಹೊಟ್ಟೆ, ತೊಡೆಸಂದು, ಬೆನ್ನು, ಕಾಲುಗಳ ಮೇಲೆ ಧಾರಾಳವಾಗಿ ಸುರಿಯಿರಿ, ಮೂಗಿಗೆ ಬಾಯಿಗೆ ಮಾತ್ರ ಹೋಗದಂತೆ; ಗಾಳಿ ಬೀಸಿ. ನಾನು ಅಂದು ಒದ್ದೆ ಟವೆಲ್ ಹೊದಿಸಿ ಸುಮ್ಮನೆ ಕುಳಿತಿದ್ದೆ. ತಪ್ಪು. ನಿಮಿಷಗಳಲ್ಲೇ ಟವೆಲ್ ಬೆಚ್ಚಗಾಗಿ ಕಂಬಳಿಯ ಕೆಲಸ ಮಾಡುತ್ತದೆ. ದಾರಿಹೋಕರೊಬ್ಬರು ಅದನ್ನು ಕಿತ್ತೆಸೆದು ಕೊಡದಿಂದ ನೀರು ಹೊಯ್ದದ್ದರಿಂದ ನಾಯಿ ಉಳಿಯಿತು. ಬಾಯಿಗೆ ನೀರು ಒತ್ತಾಯದಿಂದ ಹಾಕಬೇಡಿ. ಎದ್ದು ಬಾಲ ಅಲ್ಲಾಡಿಸಿದರೂ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಪೆಟ್ಟು ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳಬಹುದು. ಆಮೇಲೆ ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿ, ಇಲ್ಲವಾದರೆ ಅಲ್ಲಿ ಹುಣ್ಣಾಗುತ್ತದೆ.

ಹೊರಗೆ ಹೋಗಲಾಗದ ದಿನ ಹಳೆಯ ಬಟ್ಟೆಯ ಸುರುಳಿಯೊಳಗೆ ಅದರ ಆಹಾರದ ನಾಲ್ಕು ಕಾಳು ಬಚ್ಚಿಟ್ಟು ಮುಂದಿಡಿ. ಮೂಸಿ ಮೂಸಿ ಹುಡುಕಿ ಹತ್ತು ನಿಮಿಷದಲ್ಲಿ ದಣಿದು ಮಲಗುತ್ತದೆ. ಮಲಗಿದಾಗ ಗೊರಕೆ ಹೋದ ವರ್ಷಕ್ಕಿಂತ ಜೋರಾಗಿದೆಯೇ, ಕೇಳಿಸಿಕೊಳ್ಳಿ. ಆಗಿದ್ದರೆ ಬೇಸಿಗೆ ಏರುವ ಮೊದಲೇ ಪಶುವೈದ್ಯರಿಗೆ ತೋರಿಸಿ. ಕಿರಿದಾದ ಹೊಳ್ಳೆಯನ್ನು ಶಸ್ತ್ರಚಿಕಿತ್ಸೆಯಿಂದ ಅಗಲಿಸಬಹುದು. ನಮ್ಮ ಮೂರನೆಯದಕ್ಕೆ ಹಾಗೆಯೇ ಮಾಡಿಸಿದೆವು. ಈಗ ರಾತ್ರಿ ಎಷ್ಟು ನಿಶ್ಶಬ್ದವೆಂದರೆ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ನಾನೇ ಎದ್ದು ನೋಡುತ್ತೇನೆ.