ಮುಖ ಆಮೇಲೆ, ಮೊದಲು ಬಟ್ಟೆ ನೋಡಿ

ಮೊದಲೆಲ್ಲ ಮ್ಯೂಸಿಯಂಗೆ ಹೋದರೆ ಬುದ್ಧನ ಮುಖ ನೋಡಿ ಮುಂದೆ ನಡೆಯುತ್ತಿದ್ದೆ. ಎಲ್ಲ ಮೂರ್ತಿಗಳೂ ಒಂದೇ ಥರ ಕಾಣುತ್ತಿದ್ದವು. ಒಂದು ದಿನ ಪೆನ್ಸಿಲ್ ಹಿಡಿದು ಚೀವರದ, ಅಂದರೆ ಭಿಕ್ಷುವಿನ ಹೊದಿಕೆಯ, ನೆರಿಗೆಗಳನ್ನಷ್ಟೇ ಬಿಡಿಸತೊಡಗಿದೆ. ಆಗ ಒಂದೊಂದನ್ನು ಕೆತ್ತಿದ ಕೈಯೂ ಬೇರೆ ಎಂದು ಗೊತ್ತಾಯಿತು. ನೀವೂ ಹಾಗೇ ಶುರು ಮಾಡಿ.

ಬಟ್ಟೆಗೆ ಮುಂಚೆ ಕಲ್ಲಿನ ಬಣ್ಣದ ಮೇಲೊಂದು ಕಣ್ಣು ಹಾಯಿಸಿ. ಬೂದು ಶಿಸ್ಟ್ ಕಲ್ಲಾದರೆ ಸಾಮಾನ್ಯವಾಗಿ ಗಾಂಧಾರ, ಅಂದರೆ ಈಗಿನ ಪಾಕಿಸ್ತಾನದ ಪೇಶಾವರ, ಸ್ವಾತ್ ಕಡೆಯದು. ಚುಕ್ಕೆಗಳಿರುವ ಕೆಂಪು ಮರಳುಗಲ್ಲು ಮಥುರೆಯದು. ಬೆಳ್ಳಗಿನ ಸುಣ್ಣಕಲ್ಲಾದರೆ ಆಂಧ್ರದ ಅಮರಾವತಿಯ ಕಡೆ ಯೋಚಿಸಿ.

ಬಟ್ಟೆಯ ಹತ್ತಿರ ಮಾತ್ರ ಅವಸರ ಬೇಡ. ಗಾಂಧಾರದಲ್ಲಿ ಅದು ದಪ್ಪ, ಎರಡೂ ಭುಜ ಮುಚ್ಚಿರುವುದೇ ಜಾಸ್ತಿ, ನೆರಿಗೆಗಳು ಆಳ. ರೋಮನ್ನರು ಮೈಗೆ ಸುತ್ತಿಕೊಳ್ಳುತ್ತಿದ್ದ ಟೋಗಾ ನೆನಪಾಗುತ್ತದೆ. ಕೂದಲೂ ಗ್ರೀಕ್ ಮೂರ್ತಿಗಳಂತೆ ಅಲೆಅಲೆ. ಕುಷಾಣರ ಕಾಲದ ಮಥುರೆಯಲ್ಲಿ ಬಟ್ಟೆ ಮೈಗೆ ಅಂಟಿದ ಹಾಗಿದೆ, ಬಲಭುಜ ಬರಿದು, ತಲೆಯ ಮೇಲೆ ಶಂಖದಂತೆ ಸುತ್ತಿದ ತುರುಬು. ಅಗಲ ಎದೆ, ಗಟ್ಟಿ ನಿಲುವು ಅಲ್ಲಿನ ಹಳೆಯ ಯಕ್ಷಮೂರ್ತಿಗಳಿಂದ ಬಂದದ್ದು. ಅಮರಾವತಿಯಲ್ಲಿ ನೆರಿಗೆ ಬರೀ ಗೀರು, ಕೆಳಗಿನ ಅಂಚು ಮಾತ್ರ ದಪ್ಪ ಸುರುಳಿ.

ಬುದ್ಧನೇ ಕಾಣದಿದ್ದರೆ? ಮಧ್ಯಪ್ರದೇಶದ ಸಾಂಚಿ, ಭಾರ್ಹುತ್‌ನಲ್ಲಿ ಖಾಲಿ ಪೀಠ, ಪಾದದ ಗುರುತು, ಬೋಧಿವೃಕ್ಷ ಹುಡುಕಿ. ಆ ಗುರುತುಗಳ ರೂಪದಲ್ಲಿ ಅವನು ಅಲ್ಲೇ ಇದ್ದಾನೆ.

ಪ್ರಭಾವ ಅಂದ ಕೂಡಲೇ ಪರದೇಶವನ್ನೇ ನೆನೆಯುತ್ತೇವೆ, ಅಲ್ವಾ? ಸಾಂಚಿಯ ದಕ್ಷಿಣ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ಮೇಲೊಂದು ಬರಹವಿದೆ: ಈ ಕೆತ್ತನೆ ಪಕ್ಕದ ಊರಾದ ವಿದಿಶೆಯ ದಂತಕೆಲಸದವರದು. ಅದನ್ನು ತಿಳಿದ ಮೇಲೆ ಆ ಕಂಬಗಳನ್ನು ನೋಡಿ. ಇಷ್ಟೇ ಇಷ್ಟು ಜಾಗದಲ್ಲಿ ಅಷ್ಟೊಂದು ಜನ, ಆನೆ, ಮರ ಹೇಗೆ ಹಿಡಿದವು ಎಂದು ಅರ್ಥವಾಗುತ್ತದೆ. ದಂತ ಕೊರೆದು ಪಳಗಿದ ಕೈ ಕಲ್ಲಿಗೆ ಬಂದಿದೆ. ನನಗೆ ಗ್ರೀಕ್ ನೆರಿಗೆಗಿಂತ ಇದೇ ದೊಡ್ಡ ವಿಷಯ. ಹಾಗಾಗಿ ಪ್ರತಿ ಶಿಲ್ಪದ ಮುಂದೆ ಕೇಳಿಕೊಳ್ಳಿ: ಈ ಕೈ ಇದಕ್ಕೂ ಮೊದಲು ಏನನ್ನು ಕೆತ್ತಿತ್ತು?

ನಮ್ಮಲ್ಲೇ ಅಭ್ಯಾಸ ಮಾಡಬೇಕೆಂದರೆ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಇದೆ, ಸನ್ನತಿ ಪಕ್ಕ, ಭೀಮಾ ತೀರದಲ್ಲಿ. ಅಲ್ಲಿ ಸಿಕ್ಕ ಒಂದು ಸುಣ್ಣಕಲ್ಲಿನ ಹಲಗೆಯಲ್ಲಿ ರಾಜ, ರಾಣಿ, ಛತ್ರ ಹಿಡಿದವಳು ಇದ್ದಾರೆ. ‘ರಾಯೋ ಅಸೋಕೋ’, ಅಂದರೆ ರಾಜ ಅಶೋಕ, ಎಂದು ಬ್ರಾಹ್ಮಿ ಲಿಪಿಯಲ್ಲಿ ಕೊರೆದಿದೆ. ಹೆಸರು ಓದಿ ಫೋಟೋ ತೆಗೆದು ಹೊರಡಬೇಡಿ. ಅಮರಾವತಿಯ ಒಂದು ಚಿತ್ರ ಪಕ್ಕದಲ್ಲಿಟ್ಟುಕೊಂಡು, ರಾಣಿಯ ಸೊಂಟದ ಬಾಗು ಮತ್ತು ಬಟ್ಟೆಯ ಗೀರುಗಳನ್ನಷ್ಟೇ ನಿಧಾನವಾಗಿ ಬಿಡಿಸಿ.