ದೀಪ ಆರಿದ ಮೇಲಿನ ಟ್ಯಾಂಕ್

ರಾತ್ರಿ ಮೀನು ಏನು ಮಾಡ್ತವೆ ನೋಡೋಣ ಅಂತ ಒಮ್ಮೆ ಟ್ಯಾಂಕಿನ ಲೈಟ್ ಪಟ್ಟನೆ ಹಾಕಿಬಿಟ್ಟಿದ್ದೆ. ನಿಯಾನ್ ಟೆಟ್ರಾ ಅನ್ನೋ ಸಣ್ಣ ಮೀನುಗಳು ಗಾಬರಿಯಾಗಿ ಗಾಜಿಗೆ ಬಡಿದುಕೊಂಡವು. ಒಂದಕ್ಕೆ ಬಾಯಿ ಹತ್ತಿರ ಗಾಯವೇ ಆಯಿತು. ಅವಕ್ಕೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಿಕೊಳ್ಳೋಕೂ ಆಗಲ್ಲ. ಬಹಳ ಬೇಜಾರಾಯಿತು.

ಆಮೇಲೆ ಬೆಳಗಾವಿಯ ಖಡೇಬಜಾರಿನಿಂದ ಗಿಫ್ಟಿಗೆ ಸುತ್ತುವ ಕೆಂಪು ಜಿಲೆಟಿನ್ ಪೇಪರ್ ತಂದು, ಸಣ್ಣ ಟಾರ್ಚಿಗೆ ನಾಲ್ಕು ಪದರ ಸುತ್ತಿದೆ. ಮೀನಿಗೆ ಕೆಂಪು ಕಾಣಲ್ಲ ಅಂತಾರೆ. ಅದು ಪೂರ್ತಿ ನಿಜವಲ್ಲ, ಗೋಲ್ಡ್‌ಫಿಶ್‌ಗಂತೂ ಚೆನ್ನಾಗೇ ಕಾಣುತ್ತದೆ. ಹಾಗಾಗಿ ಬಣ್ಣಕ್ಕಿಂತ ಬೆಳಕು ಮಂದ ಇರೋದೇ ಮುಖ್ಯ. ನಾನು ಟಾರ್ಚನ್ನು ಟ್ಯಾಂಕಿಗೆ ಹಿಡಿಯಲ್ಲ, ಪಕ್ಕದ ಗೋಡೆಗೆ ಬಿಡ್ತೀನಿ, ಗೋಡೆಯಿಂದ ಬರುವ ಬೆಳಕೇ ಸಾಕು.

ಇನ್ನೊಂದು, ಲೈಟ್ ಆರೋ ಮೊದಲೇ ಕುರ್ಚಿ ಹಾಕಿಕೊಂಡು ಕೂತುಬಿಡಬೇಕು. ಮೀನಿನ ಮೈಪಕ್ಕದಲ್ಲಿ ಅಲುಗಾಟ ಗ್ರಹಿಸೋ ಒಂದು ಗೆರೆ ಇರುತ್ತದೆ, ಅದಕ್ಕೆ ನೀರಿನ ಸಣ್ಣ ಅಲುಗಾಟವೂ ಗೊತ್ತಾಗುತ್ತದೆ. ನಮ್ಮ ಮನೆ ಟಿಳಕವಾಡಿಯಲ್ಲಿ, ರೈಲ್ವೆ ಗೇಟ್ ಹತ್ತಿರ. ರೈಲು ಹೋದರೆ ಮೀನು ಕದಲಲ್ಲ, ರೂಢಿಯಾಗಿದೆ. ಆದರೆ ನಾನು ಕುರ್ಚಿ ಸರಿಸಿದರೆ ಸಾಕು, ಚದುರಿಹೋಗುತ್ತವೆ. ಇಪ್ಪತ್ತು ನಿಮಿಷ ಸುಮ್ನೆ ಕೂತರೆ ನಮ್ಮ ಕಣ್ಣೂ ಕತ್ತಲೆಗೆ ಹೊಂದಿಕೊಳ್ಳುತ್ತದೆ. "ಇಷ್ಟೊತ್ತಿನ್ಯಾಗ ಏನ್ ನೋಡಾಕತ್ತೀಯೋ?" ಅಂದಿದ್ದ ಅವ್ವ ಈಗ ತಾನಾಗೇ ಬಂದು ಪಕ್ಕದಲ್ಲಿ ಕೂರ್ತಾಳೆ.

ನಿಯಾನ್‌ಗಳು ಗಿಡದ ನಡುವೆ ನಿಂತಲ್ಲೇ ನಿಂತಿರುತ್ತವೆ, ಕಿವಿರು ಮಾತ್ರ ನಿಧಾನಕ್ಕೆ ಆಡುತ್ತಿರುತ್ತದೆ. ಹೊಳೆಯುವ ಆ ನೀಲಿ ಪಟ್ಟಿ ಮಾಸಿಹೋಗಿರುತ್ತದೆ. ಮೊದಲ ಸಲ ನೋಡಿದಾಗ ರೋಗ ಅಂದುಕೊಂಡು ಹೆದರಿದ್ದೆ, ಬೆಳಿಗ್ಗೆ ಬೆಳಕು ಬಿದ್ದ ಸ್ವಲ್ಪ ಹೊತ್ತಿಗೆ ಬಣ್ಣ ವಾಪಸ್ ಬಂತು. ಹಗಲೆಲ್ಲ ಕಲ್ಲಿನಡಿ ಅಡಗಿರೋ ಕೂಲಿ ಲೋಚ್ ಅನ್ನೋ ಹಾವಿನಂಥ ತೆಳ್ಳನೆ ಮೀನುಗಳು ಆಗಲೇ ಹೊರಬರೋದು. ಸತ್ತೇ ಹೋಯಿತು ಅಂದುಕೊಂಡಿದ್ದ ಮೂರನೆಯದು, ಮರಳಿನಲ್ಲಿ ಮೀಸೆ ಆಡಿಸುತ್ತಾ ಬಂತು!

ಆದರೆ ಜಾಸ್ತಿ ಉಪಯೋಗ ಆಗಿದ್ದು ಒಂದು ಬೇಸಿಗೆಯಲ್ಲಿ, ಬೆಳಗಿನ ಐದಕ್ಕೆ ಎದ್ದು ನೋಡಿದಾಗ. ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಬಿಸಿ ನೀರಲ್ಲಿ ಅದು ಮೊದಲೇ ಕಡಿಮೆ. ನಾನೋ ಸದ್ದಾಗುತ್ತೆ ಅಂತ ರಾತ್ರಿ ಏರ್ ಪಂಪ್ ಬಂದ್ ಮಾಡುತ್ತಿದ್ದೆ, ಮೀನಿಗೆ ಉಸಿರು ಸಾಲದೇ ಹೋಗ್ತಿದ್ದದ್ದರ ಸುಳಿವೇ ಹಗಲು ಸಿಗುತ್ತಿರಲಿಲ್ಲ. ಈಗ ಪಂಪ್ ಕೆಳಗೆ ಸ್ಪಾಂಜ್ ಇಟ್ಟು ರಾತ್ರಿಯೆಲ್ಲ ಓಡಿಸುತ್ತೇನೆ. ಕರೆಂಟ್ ಹೋದರೆ ಅಂತ ಬ್ಯಾಟರಿ ಪಂಪೂ ಒಂದು ಪಕ್ಕದಲ್ಲೇ ಇದೆ.