ಕಾಯಿ ಏಳದ ಜಾಗ

ಹೊಳಲ್ಕೆರೆ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ‘ಬಾಯಿಪಾಠ ಮಾಡಬೇಡಿ, ಯೋಚನೆ ಮಾಡಿ’ ಅಂತ ದಿನಾ ಹೇಳುವವನು. ಆದರೆ ಕೆಲವು ವರ್ಷದ ಹಿಂದೆ ನಮ್ಮ ಅಡಿಕೆ ತೋಟ ಒಣಗತೊಡಗಿದಾಗ, ಕಾಯಿ ಹಿಡಿದು ನೀರು ನೋಡುವವರ ಹಿಂದೆ ಊದುಬತ್ತಿ ಹಿಡಿದು ನಡೆದವನೂ ನಾನೇ. ಅವರ ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ಒಂದು ಕಡೆ ಎದ್ದು ನಿಂತಿತು. ಅಲ್ಲೇ ಗೂಟ ಹೊಡೆದೆವು. 800 ಅಡಿ ಕೊರೆದರೂ ಬರೀ ಧೂಳು. ‘ಸೆಲೆ ಪಕ್ಕಕ್ಕೆ ಸರಿದಿದೆ’ ಅಂದರು. ಅಪ್ಪ ತಲೆಯಾಡಿಸಿದರು. ನಾನೂ ಆಡಿಸಿದೆ.

ಬೋರ್ ಕೊರೆದದ್ದು ಒಂದು ರಾತ್ರಿ. ಆ ತಲೆಯಾಡಿಸಿದ್ದು ಮಾತ್ರ ವರ್ಷಗಟ್ಟಲೆ ಕೊರೆಯಿತು.

ಒಂಬತ್ತನೇ ಕ್ಲಾಸಿನಲ್ಲಿ ನಾನು ಒಂದು ಒಗಟು ಕೊಡುತ್ತೇನೆ. 1966ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ರೂಪಿಸಿದ್ದು. ನಾಲ್ಕು ಕಾರ್ಡು, ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಕಾಣುತ್ತಿರುವುದು ಅ, ಕ, 4, 7. ‘ಒಂದು ಬದಿ ಸ್ವರ ಇದ್ದರೆ ಹಿಂದೆ ಸಮಸಂಖ್ಯೆ ಇರಲೇಬೇಕು.’ ಇದು ನಿಜವಾ ಅಂತ ನೋಡಲು ಯಾವ ಕಾರ್ಡು ತಿರುಗಿಸಬೇಕು? ಹೆಚ್ಚಿನವರು ಅ ಮತ್ತು 4 ಅಂದರು. ಸ್ಟಾಫ್ ರೂಮಿನಲ್ಲೂ ಅದೇ ಉತ್ತರ! ತಿರುಗಿಸಬೇಕಾದ್ದು ಅ ಮತ್ತು 7. 4ರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಸಿಕ್ಕರೆ ಮುರಿಯಿತು.

2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಒಗಟನ್ನು ಬಸ್ಸಿಗೆ ಹತ್ತಿಸಿದೆ. ನೀನು ಚೆಕಿಂಗ್‌ಗೆ ಹತ್ತಿದ್ದೀಯ. ಫ್ರೀ ಟಿಕೆಟ್ ಹಿಡಿದವರು ಹೆಂಗಸರೇ ಆಗಿರಬೇಕು. ಒಬ್ಬರ ಕೈಲಿ ಫ್ರೀ ಟಿಕೆಟ್, ಮುಖ ಕಾಣುತ್ತಿಲ್ಲ. ಇನ್ನೊಬ್ಬರ ಕೈಲಿ ದುಡ್ಡು ಕೊಟ್ಟ ಟಿಕೆಟ್, ಮುಖ ಕಾಣುತ್ತಿಲ್ಲ. ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರ ಟಿಕೆಟ್ಟೂ ಕಾಣುತ್ತಿಲ್ಲ. ಯಾರನ್ನು ಕೇಳ್ತೀಯ? ‘ಫ್ರೀ ಟಿಕೆಟ್ಟಿನವರನ್ನ, ಆಮೇಲೆ ಆ ಗಂಡಸನ್ನ ಸಾರ್’ ಅಂತ ಹಿಂದಿನ ಬೆಂಚಿನಿಂದಲೇ ಕೂಗಿದರು. ಅದೇ ತರ್ಕ, ಅದೇ ತಲೆ. ಹಾಗಾದರೆ ತರ್ಕ ಬರುವುದಿಲ್ಲ ಅನ್ನುವುದು ಸುಳ್ಳು. ಎಲ್ಲಿ ಓಡಿಸಬಹುದು, ಎಲ್ಲಿ ಓಡಿಸಬಾರದು ಅಂತ ಮನೆಯಲ್ಲಿ ಮೊದಲೇ ಹೇಳಿಕೊಟ್ಟಿರುತ್ತಾರೆ.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದೆ. ಕಾಯಿ ಎದ್ದಿತು, ನೀರು ಬಂತು. ಕಾಯಿ ಎದ್ದಿತು, ನೀರಿಲ್ಲ. ಕಾಯಿ ಏಳಲಿಲ್ಲ, ನೀರು ಬಂತು. ಕಾಯಿ ಏಳಲಿಲ್ಲ, ನೀರಿಲ್ಲ. ನಿಮ್ಮೂರಲ್ಲಿ ಕೇಳಿಕೊಂಡು ಬನ್ನಿ ಅಂದೆ. ಮೊದಲ ಎರಡು ಚೌಕ ತುಂಬಿದವು. ಕೊನೆಯ ಎರಡು ಖಾಲಿ. ಯಾಕೆ? ಕಾಯಿ ಏಳದ ಕಡೆ ಯಾರೂ ಕೊರೆಸಿಯೇ ಇಲ್ಲವಲ್ಲ! ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಕಲ್ಲಿನ ಬಿರುಕುಗಳಲ್ಲಿ ನಿಲ್ಲುತ್ತದೆ. ಸುಮ್ನೆ ಎಲ್ಲೋ ಕೊರೆಸಿದರೂ ಒಂದಷ್ಟು ಕಡೆ ಸಿಕ್ಕೇ ಸಿಗುತ್ತದೆ. ಹಾಗಾಗಿ ಮೊದಲ ಚೌಕ ಎಷ್ಟೇ ತುಂಬಿದರೂ ಕಾಯಿಯ ಶಕ್ತಿ ಗೊತ್ತಾಗುವುದಿಲ್ಲ.

‘ಆದರೆ ಕಾಯಿ ಏಳೋದನ್ನ ಕಣ್ಣಾರೆ ನೋಡಿದ್ದೀನಿ ಸಾರ್’ ಅಂದ ಒಬ್ಬ. ನಾನೂ ನೋಡಿದ್ದೆ. ಅದಕ್ಕೇ ಒಂದು ಕಾಯಿ ತರಿಸಿ ಗ್ರೌಂಡಿನಲ್ಲಿ ನಡೆಸಿದೆ. ಅವನ ಕೈಯಲ್ಲೂ ಎದ್ದಿತು! ಅಲ್ಲಿ ಸುಣ್ಣ ಹಾಕಿದೆವು. ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಸುತ್ತು ತಿರುಗಿಸಿ ಮತ್ತೆ ನಡೆಸಿದಾಗ ಬೇರೆ ಕಡೆ ಎದ್ದಿತು. ಮೂರನೇ ಸಲ ಇನ್ನೊಂದು ಕಡೆ. ಅವನು ಮೋಸ ಮಾಡಲಿಲ್ಲ. ಮನಸ್ಸು ಕಾದಿದ್ದನ್ನು ಕೈ ತನಗೇ ತಿಳಿಯದಂತೆ ಮಾಡಿಬಿಡುತ್ತದೆ. ವಿಲಿಯಂ ಕಾರ್ಪೆಂಟರ್ ಎಂಬ ವೈದ್ಯ 1852ರಲ್ಲೇ ಇಂಥ ಚಲನೆಗೆ ಹೆಸರಿಟ್ಟಿದ್ದ. ಅಂಗೈ ಕೂದಲೆಳೆಯಷ್ಟು ವಾಲಿದರೂ ಸಾಕು, ಕಾಯಿ ಏಳುತ್ತದೆ. ನೀರು ನೋಡುವವರನ್ನು ಕಳ್ಳರು ಅನ್ನಬೇಡಿ ಅಂತ ಮಕ್ಕಳಿಗೆ ಒತ್ತಿ ಹೇಳಿದೆ. ಅವರೂ ನಂಬಿಯೇ ನಡೆಯುತ್ತಾರೆ.

ಕಷ್ಟ ಇದ್ದದ್ದು ಇದಾದ ಮೇಲೆ. ಒಬ್ಬ ಹುಡುಗಿ ಮನೆಯಲ್ಲಿ ಈ ಮಾತೆತ್ತಿದಳು. ‘ದೊಡ್ಡೋರಿಗೆ ಎದುರು ಮಾತಾಡ್ತೀಯಾ’ ಅಂತ ಬೈಸಿಕೊಂಡು ಬಂದಳು. ತಪ್ಪು ನನ್ನದೇ. ಕೇಳುವುದು ಹೇಗೆ ಅಂತ ನಾನು ಹೇಳಿಕೊಟ್ಟಿರಲಿಲ್ಲ. ‘ಸುಳ್ಳು’ ಅನ್ನಬೇಡ, ‘ಹೌದಾ ಅಪ್ಪ, ಹಾಗಾದ್ರೆ ಬೇರೆಯವರು ನೋಡಿದರೂ ಅಲ್ಲೇ ಏಳುತ್ತಾ?’ ಅಂತ ಕೇಳು ಅಂದೆ. ನನ್ನ ಅಪ್ಪನಿಗೆ ನಾನು ಕೇಳದೇ ಹೋದ ಪ್ರಶ್ನೆ ಅದು.

ಒಂದು ದಿನ ಅವಳ ತಂದೆಯೇ ಸ್ಕೂಲಿಗೆ ಬಂದರು. ‘ಮೇಷ್ಟ್ರೇ, ಕಾಯಿ ಏಳದ ಕಡೆ ಕೊರೆಸೋ ದುಡ್ಡು ನೀವು ಕೊಡ್ತೀರಾ?’ ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಮಾತು ನ್ಯಾಯವೇ. ಟೀ ಕುಡಿಸಿ ಕಳಿಸಿದೆ.

ಬೇಸಿಗೆಯಲ್ಲಿ ಆ ಹುಡುಗಿ ಸಿಕ್ಕಳು. ‘ಸಾರ್, ಅಪ್ಪ ಈ ಸಲ ಇಬ್ಬರನ್ನ ಕರೆಸಿದ್ದರು, ಬೇರೆ ಬೇರೆ ದಿನ. ಮೊದಲನೆಯವರ ಗೂಟ ಕಿತ್ತು, ಅಲ್ಲೊಂದು ಸಣ್ಣ ಕಲ್ಲು ಇಟ್ಟಿದ್ದರು.’

‘ಆಮೇಲೆ?’

‘ಎರಡು ಗುರುತಿನ ನಡುವೆ ಆರು ಸಾಲು ಅಡಿಕೆ ಸಾರ್. ಅಪ್ಪ ಇನ್ನೂ ಲಾರಿಯವರಿಗೆ ಫೋನ್ ಮಾಡಿಲ್ಲ.’